ರೆಸಿನ್ ಆರ್ಟ್ ವರ್ಕ್‌ಶಾಪ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ರೆಸಿನ್ ಆರ್ಟ್ ಅಂದರೆ ರೆಸಿನ್ ಎಂಬ ದ್ರವಕ್ಕೆ ಬಣ್ಣ ಬೆರೆಸಿ ಸುರಿದು, ಗಟ್ಟಿಯಾದ ಮೇಲೆ ಟ್ರೇ, ಕೀಚೈನ್ ತರದ್ದು ಮಾಡುವ ಕೆಲಸ. ಹೊಸಬರಿಗಾಗಿ ಇದರ ವರ್ಕ್‌ಶಾಪ್ ಅಂತ ಪೋಸ್ಟರ್ ಕಂಡರೆ ಮೊದಲು ಒಂದು ಪ್ರಶ್ನೆ ಕೇಳಿ: ಯಾವ ಗ್ಲೌಸ್ ಕೊಡುತ್ತೀರಿ? "ಗ್ಲೌಸ್ ಏನೂ ಬೇಡ, ನಮ್ಮದು ನಾನ್-ಟಾಕ್ಸಿಕ್" ಎಂಬ ಉತ್ತರ ಬಂದರೆ ಆ ಕಡೆ ತಲೆ ಹಾಕಬೇಡಿ. ನಾನು ಹೋಗಿದ್ದ ಕಡೆ ಇದೇ ಮಾತು ಹೇಳಿದ್ದರು. ಮಾರನೇ ದಿನ ಬೆರಳ ಸಂದಿಯಲ್ಲೆಲ್ಲಾ ಕೆಂಪು ಗುಳ್ಳೆ. ಮಾಡಿ ತಂದ ಟ್ರೇ ಇವತ್ತಿಗೂ ಮುಟ್ಟಿದರೆ ಅಂಟುತ್ತದೆ.

ನಾನ್-ಟಾಕ್ಸಿಕ್ ಅನ್ನುವುದು ಪೂರ್ತಿ ಗಟ್ಟಿಯಾದ ಮೇಲಿನ ಮಾತು. ಎಪಾಕ್ಸಿ, ಅಂದರೆ ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ರೆಸಿನ್, ದ್ರವವಾಗಿರುವಾಗ ಚರ್ಮಕ್ಕೆ ತಾಗಬಾರದು. ಅದರ ದೊಡ್ಡ ಅಪಾಯ ಅಲರ್ಜಿ. ಮೊದಮೊದಲು ಏನೂ ಆಗುವುದಿಲ್ಲ, ಮತ್ತೆ ಮತ್ತೆ ತಾಗಿದಾಗ ದೇಹ ಅದನ್ನು ಗುರುತು ಹಿಡಿಯುತ್ತದೆ. ಆಮೇಲೆ ಒಂದು ಹನಿ ಬಿದ್ದರೂ ತುರಿಕೆ, ಊತ. ಒಮ್ಮೆ ಶುರುವಾದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ನನ್ನ ಗುಳ್ಳೆ ನೋಡಿದ ಚರ್ಮದ ಡಾಕ್ಟರು, ಇದು ಇನ್ನೂ ಅಲರ್ಜಿ ಅಲ್ಲ, ಬರೀ ಉರಿ, ಆದರೆ ಇನ್ನು ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ ಅಂದರು. ಗ್ಲೌಸ್ ಅಂದರೆ ನೈಟ್ರೈಲ್ ಎಂಬ ಸಿಂಥೆಟಿಕ್ ರಬ್ಬರಿನ ಗ್ಲೌಸ್. ತೆಳ್ಳನೆಯ ಲೇಟೆಕ್ಸ್‌ನದನ್ನು ನಂಬಬೇಡಿ.

ಗ್ಲೌಸ್ ಕೊಡದವರು ಕೈಗೆ ಅಂಟಿದ್ದನ್ನು ಒರೆಸಿಕೊಳ್ಳಲು ಹತ್ತಿಯಲ್ಲಿ ಅಸಿಟೋನ್ ಅದ್ದಿ ಕೊಟ್ಟರು! ಇದು ಇನ್ನೂ ಕೆಟ್ಟದ್ದು. ಅಸಿಟೋನ್, ಥಿನ್ನರ್, ಸ್ಪಿರಿಟ್ ಇವೆಲ್ಲ ರೆಸಿನ್ನನ್ನು ತೆಳುವಾಗಿಸಿ ಚರ್ಮದ ಮೇಲೆ ಹರಡುತ್ತವೆ, ಒಳಗೂ ಇಳಿಸುತ್ತವೆ. ಒಣ ಬಟ್ಟೆಯಲ್ಲಿ ಒರೆಸಿ, ಸೋಪು ನೀರಿನಲ್ಲಿ ತೊಳೆಯಬೇಕು, ಅಷ್ಟೇ.

ಇನ್ನು ಕೋಣೆ. ದೂಳು ಬಿದ್ದರೆ ಟ್ರೇ ಹಾಳಾಗುತ್ತದೆ ಅಂತ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ನಮ್ಮ ಮುಖಕ್ಕೆ ಸರ್ಜಿಕಲ್ ಮಾಸ್ಕ್. ಆ ಮಾಸ್ಕ್ ರಾಸಾಯನಿಕದ ಆವಿಯನ್ನು ತಡೆಯುವುದೇ ಇಲ್ಲ. ಅದಕ್ಕೆ ಆವಿ ಹೀರುವ ಕಾರ್ಟ್ರಿಡ್ಜ್ (ಫಿಲ್ಟರ್ ಡಬ್ಬಿ) ಇರುವ ರೆಸ್ಪಿರೇಟರ್ ಬೇಕು. ಕೆಲವೇ ಗಂಟೆಯ ಕ್ಲಾಸಿಗೆ ಅಷ್ಟೆಲ್ಲ ಯಾರೂ ಕೊಡುವುದಿಲ್ಲ, ಸರಿ. ಆದರೆ ಗಾಳಿ ಓಡಾಡುವ ಜಾಗವಾದರೂ ಇರಬೇಕು ಅಲ್ವಾ?

ನನಗೆ ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಕಲಿಸಿದ ರೀತಿಗೆ. ರೆಸಿನ್ ಕೆಲಸದಲ್ಲಿ ಕಲಿಯುವುದೇ ಅಳತೆ ಮತ್ತು ಕಲಸುವುದು. ಬಣ್ಣ ಸುರಿಯುವುದು ಯಾರಿಗಾದರೂ ಬರುತ್ತದೆ. ಇಲ್ಲಿ ಟೀಚರೇ ಹಿಂದೆ ನಿಂತು ಒಂದು ಬಕೆಟ್‌ನಲ್ಲಿ ಎಲ್ಲರಿಗೂ ಸೇರಿಸಿ ಕಲಸಿದರು. ತಕ್ಕಡಿ ಮೇಲಿಟ್ಟು ರೆಸಿನ್ ಎಷ್ಟು ತೂಕವೋ ಹಾರ್ಡ್‌ನರ್ (ರೆಸಿನ್ ಗಟ್ಟಿಯಾಗಲು ಬೆರೆಸುವ ಎರಡನೇ ದ್ರವ) ಅಷ್ಟೇ ತೂಕ. ಬಾಟಲಿ ಮೇಲೆ ಬರೆದಿದ್ದ 1:1 ಮಾತ್ರ ಗಾತ್ರದ ಲೆಕ್ಕ, ತೂಕದ್ದಲ್ಲ. ಸಾಮಾನ್ಯವಾಗಿ ರೆಸಿನ್ ಹಾರ್ಡ್‌ನರ್‌ಗಿಂತ ಭಾರ. ಹಾಗಾಗಿ ತೂಕ ಸಮ ಮಾಡಿದರೆ ಹಾರ್ಡ್‌ನರ್ ಜಾಸ್ತಿಯಾಗುತ್ತದೆ. ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆಗುವುದಿಲ್ಲ. ಜೋಡಿ ಸಿಗದ ಹಾರ್ಡ್‌ನರ್ ಒಳಗೇ ಉಳಿದು ಮಾಲು ಮೆತ್ತಗಾಗುತ್ತದೆ.

ಬಕೆಟ್ ಕಥೆ ಅಲ್ಲಿಗೇ ಮುಗಿಯಲಿಲ್ಲ. ಎಪಾಕ್ಸಿ ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ಒಂದೇ ಪಾತ್ರೆಯಲ್ಲಿ ಜಾಸ್ತಿ ಇದ್ದರೆ ಆ ಶಾಖ ಹೊರಗೆ ಹೋಗದೆ, ಬಿಸಿ ಇನ್ನೂ ಬಿಸಿ ಹುಟ್ಟಿಸುತ್ತದೆ. ಕೊನೆಯ ಟೇಬಲ್‌ಗೆ ಬರುವಷ್ಟರಲ್ಲಿ ಬಕೆಟ್ ಮುಟ್ಟಲಾಗದಷ್ಟು ಸುಡುತ್ತಿತ್ತು, ಹೊಗೆಯೂ ಬಂತು. ಟೀಚರ್ "ಇದು ಮಾಮೂಲಿ" ಅಂದರು. ಅದಕ್ಕೇ ತಿಳಿದವರು ಸ್ವಲ್ಪ ಸ್ವಲ್ಪವೇ ಕಲಸುತ್ತಾರೆ, ಕಪ್ಪಿನ ಗೋಡೆ, ತಳ ಎಲ್ಲ ಕೆರೆದು ನಿಧಾನವಾಗಿ ಮಿಕ್ಸ್ ಮಾಡುತ್ತಾರೆ.

"ಸಂಜೆಗೇ ಮನೆಗೆ ಒಯ್ಯಿರಿ" ಎಂಬ ಸಾಲಿನ ಮೇಲೂ ಕಣ್ಣಿಡಿ. ಸಾಮಾನ್ಯ ಎಪಾಕ್ಸಿ ಮುಟ್ಟುವ ಹಾಗಾಗಲು ಸುಮಾರು 24 ಗಂಟೆ, ಬಳಸುವಷ್ಟು ಗಟ್ಟಿಯಾಗಲು 72 ಗಂಟೆ ಬೇಕು. ಅಂದೇ ಒಯ್ಯುವಂತಿದ್ದರೆ ಅದು ಹೆಚ್ಚಾಗಿ ಯುವಿ (ನೇರಳಾತೀತ) ದೀಪದಡಿ ಗಟ್ಟಿಯಾಗುವ ಯುವಿ ರೆಸಿನ್, ಅದರಲ್ಲಿ ಸಣ್ಣ ಕೀಚೈನ್ ಮಾಡಬಹುದು, ಟ್ರೇ ಅಲ್ಲ. ಹಸಿ ಹೂವು ಹಾಕಿಸುತ್ತೇವೆ ಅಂದರೂ ಬೇಡ ಅನ್ನಿ. ಪೂರ್ತಿ ಒಣಗಿಸದ ಹೂವು ಒಳಗೇ ಕಂದುಬಣ್ಣಕ್ಕೆ ತಿರುಗುತ್ತದೆ.

ಅಂಟುವ ಟ್ರೇ ಫೋಟೋ ಕಳಿಸಿದಾಗ "ಬಿಸಿಲಿಗೆ ಇಡಿ, ಸರಿಹೋಗುತ್ತೆ" ಎಂಬ ಉತ್ತರ ಬಂತು. ಅಳತೆ ತಪ್ಪಿದ ರೆಸಿನ್ ಎಷ್ಟು ದಿನ ಕಾದರೂ ಸರಿಹೋಗುವುದಿಲ್ಲ. ಅಂಟು ಪದರ ಕೆರೆದು ತೆಗೆದು ಹೊಸದಾಗಿ ಸರಿಯಾದ ಅಳತೆಯಲ್ಲಿ ಸುರಿಯಬೇಕು, ಇಲ್ಲ ಎಸೆಯಬೇಕು. ದುಡ್ಡು ವಾಪಸ್ ಕೇಳಿದ್ದಕ್ಕೆ ನನ್ನನ್ನು ಗ್ರೂಪಿನಿಂದಲೇ ತೆಗೆದರು. ಅದನ್ನು ಸುಮ್ನೆ ಬಿಟ್ಟುಬಿಡುತ್ತಿದ್ದೆ. ಆದರೆ ಅವರ ಹೊಸ ಪೋಸ್ಟರ್‌ನಲ್ಲಿ "6 ವರ್ಷ ಮೇಲ್ಪಟ್ಟ ಮಕ್ಕಳಿಗೂ ಅವಕಾಶ" ಅಂತಿದೆ. ಮಕ್ಕಳನ್ನು ಕರೆದುಕೊಂಡು ಹೋಗುವುದಿದ್ದರೆ ಜೇಡಿಮಣ್ಣು, ಕಾಗದದ ಕೆಲಸ, ಬ್ಲಾಕ್ ಪ್ರಿಂಟಿಂಗ್ ಹೇಳಿಕೊಡುವ ಕ್ಲಾಸ್ ಹುಡುಕಿ. ಈ ಬಕೆಟ್ ಹತ್ತಿರ ಮಾತ್ರ ಬಿಡಬೇಡಿ.