ಮನಃಶಿಲೆ ಬೆರೆಸಿದ ಮದ್ಯ: ಒಲೆಯ ಮೇಲಿಟ್ಟರೆ ಪಾಷಾಣ

ಚೀನೀ ಪಂಚಾಂಗದ ಐದನೇ ತಿಂಗಳ ಐದನೇ ದಿನ ಡ್ರ್ಯಾಗನ್ ದೋಣಿ ಹಬ್ಬ. ಹಾವು-ಚೇಳು ಸುಳಿಯದಿರಲೆಂದು ಅಂದು ‘ಶ್ಯುಂಗ್‌ಹುಆಂಗ್’ ಎಂಬ ಕಿತ್ತಳೆಗೆಂಪು ಕಲ್ಲಿನ ಪುಡಿಯನ್ನು ಮದ್ಯಕ್ಕೆ ಬೆರೆಸಿ ಕುಡಿಯುವುದು, ಮಕ್ಕಳ ಹಣೆಗೆ ಹಚ್ಚುವುದು ಹಳೆಯ ರೂಢಿ. ನಮ್ಮ ಆಯುರ್ವೇದದ ಮನಃಶಿಲೆ ಇದೇ. ಇದರ ತೂಕದ ಶೇ. 70ರಷ್ಟು ಆರ್ಸೆನಿಕ್, ಉಳಿದದ್ದು ಗಂಧಕ!

ಹಬ್ಬದೂಟ ಮುಗಿಸಿ ಆಸ್ಪತ್ರೆ ಸೇರುವವರದು ಹೆಚ್ಚುಕಡಿಮೆ ಒಂದೇ ಕತೆ. ಪುಡಿ ಕರಗದೆ ತಳಕ್ಕೆ ಕೂತಿತು, ಬೆರೆಯಲಿ ಎಂದು ಪಾತ್ರೆಯನ್ನು ಒಲೆಗೆ ಏರಿಸಿದರು. ಎಡವಟ್ಟಾಗುವುದು ಅಲ್ಲೇ. ಶುದ್ಧ ಮನಃಶಿಲೆ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ನುಂಗಿದರೂ ಬಹುಪಾಲು ಹಾಗೇ ಹೊರಬೀಳುತ್ತದೆ. ಆದರೆ ಗಾಳಿ-ಬೆಳಕಿಗೆ ಬಿದ್ದ ಕಲ್ಲಿನ ಮೇಲೆ ಆರ್ಸೆನಿಕ್ ಟ್ರೈಆಕ್ಸೈಡ್, ಅಂದರೆ ಬಿಳಿ ಪಾಷಾಣ, ಮೊದಲೇ ಹುಟ್ಟಿಕೊಂಡಿರುತ್ತದೆ. ಬಿಸಿ ಮದ್ಯ ಅದನ್ನು ಕರಗಿಸುತ್ತದೆ, ಶಾಖ ಇನ್ನಷ್ಟು ಹುಟ್ಟಿಸುತ್ತದೆ. ಈ ಪಾಷಾಣ 100–200 ಮಿಲಿಗ್ರಾಂ ಆದರೆ ದೊಡ್ಡವರ ಜೀವಕ್ಕೇ ಸಾಕು.

ಚೀನೀ ವೈದ್ಯರು ಮನಃಶಿಲೆಯನ್ನು ನೀರಿನಲ್ಲಿ ಅರೆದು, ಮೇಲಿನ ನೀರು ಬಸಿದು, ನುಣ್ಣನೆಯ ಗಸಿಯನ್ನು ಒಣಗಿಸಿ ಬಳಸುತ್ತಾರೆ. ಕರಗುವ ಪಾಷಾಣ ನೀರಿನ ಜೊತೆ ಹೋಗಲಿ ಎಂಬುದೇ ಲೆಕ್ಕ. ಬೀದಿಬದಿಯ ಪೊಟ್ಟಣಕ್ಕೆ ಈ ಸಂಸ್ಕಾರ ಆಗಿದೆಯೆಂದು ನಂಬುವುದು ಹೇಗೆ? ಸಂಸ್ಕರಿಸಿದ್ದಕ್ಕೂ ಚೀನೀ ಔಷಧಕೋಶ ಹೇಳುವ ಪ್ರಮಾಣ 50–100 ಮಿಲಿಗ್ರಾಂ ಮಾತ್ರ, ಅದೂ ಗುಳಿಗೆ ಅಥವಾ ಚೂರ್ಣವಾಗಿ. ಕಷಾಯಕ್ಕೆ ಹಾಕುವಂತಿಲ್ಲ, ಗರ್ಭಿಣಿಯರಿಗೆ ಕೊಡುವಂತಿಲ್ಲ. ಅಡುಗೆಮನೆಯ ಒಂದು ಚಿಟಿಕೆಯೇ ಈ ಮಿತಿ ದಾಟೀತು.

ಚರ್ಮರೋಗಕ್ಕೆಂದು ಇದರ ಹೊಗೆ ಹಾಕಿಸಿಕೊಳ್ಳುವುದು ಇನ್ನೂ ಕೆಟ್ಟದ್ದು. ಕೆಂಡದ ಮೇಲೆ ಬಿದ್ದ ಪುಡಿ ನೇರ ಪಾಷಾಣದ ಹೊಗೆಯೇ ಆಗುತ್ತದೆ. ಒಡೆದ ಗುಳ್ಳೆ, ಹಸಿ ಗಾಯಕ್ಕೆ ಹಚ್ಚಿದರೂ ವಿಷ ಮೈಗೇರುತ್ತದೆ.

ಗಂಟಲುರಿ, ವಾಂತಿ, ಅಕ್ಕಿ ತೊಳೆದ ನೀರಿನಂಥ ಭೇದಿ, ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ ಕಂಡರೆ ಕಾಯಬೇಡಿ, ಬೆರಳು ಹಾಕಿ ವಾಂತಿ ಮಾಡಿಸಲೂಬೇಡಿ. ಪೊಟ್ಟಣದ ಸಮೇತ ಆಸ್ಪತ್ರೆಗೆ ಹೋಗಿ. ಆರ್ಸೆನಿಕ್ ರಕ್ತದಿಂದ ಬೇಗ ಇಳಿಯುವುದರಿಂದ ಮೂತ್ರ ಪರೀಕ್ಷೆಯನ್ನೂ ಕೇಳಿ. ಹಿಂದಿನ ಮೂರ್ನಾಲ್ಕು ದಿನಗಳಲ್ಲಿ ಮೀನು, ಸಿಗಡಿ ತಿಂದಿದ್ದರೆ ಹೇಳಿಬಿಡಿ, ಇಲ್ಲವಾದರೆ ಅದರ ನಿರಪಾಯಕಾರಿ ಆರ್ಸೆನಿಕ್ಕೂ ಲೆಕ್ಕಕ್ಕೆ ಸೇರಿ ದಾರಿ ತಪ್ಪಿಸುತ್ತದೆ. ಡೈಮರ್ಕಾಪ್ರಾಲ್, ಸಕ್ಸಿಮರ್‌ನಂಥ ಪ್ರತಿವಿಷಗಳು ಬೇಗ ಸಿಕ್ಕಷ್ಟೂ ಒಳ್ಳೆಯದು.

ಗಂಟಲುನೋವಿಗೆ ಚೀನಾದಿಂದ ತರಿಸುವ ‘ನ್ಯೂಹುಆಂಗ್ ಜ್ಯೆದು’ ಮಾತ್ರೆಯ ಸಾಂಪ್ರದಾಯಿಕ ಸೂತ್ರದಲ್ಲೂ ಮನಃಶಿಲೆಯಿದೆ. ಅದನ್ನು ತಿಂಗಳುಗಟ್ಟಲೆ ನುಂಗುತ್ತಿರುವವರು ಅಂಗೈ, ಅಂಗಾಲಿನಲ್ಲಿ ಜೋಳದ ಕಾಳಿನಂಥ ಗಡಸು ಗಂಟುಗಳು ಎದ್ದಿವೆಯೇ ಎಂದು ಇಂದೇ ನೋಡಿಕೊಳ್ಳಿ.