ಫೈರ್‌ಫಾಕ್ಸ್ ಇಎಸ್‌ಆರ್: ಸ್ಕ್ರೀನ್ ರೀಡರ್ ಬಳಸುವವರಿಗೆ ನಿಧಾನದ ಆವೃತ್ತಿಯೇ ಹಿತ

ದೃಷ್ಟಿಹೀನರಿಗೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ಪರದೆಯ ಮೇಲಿನ ಚಿತ್ರವನ್ನು ಓದುವುದಿಲ್ಲ. ಶೀರ್ಷಿಕೆ ಯಾವುದು, ಲಿಂಕ್ ಯಾವುದು, ಹೆಸರು ತುಂಬುವ ಜಾಗ ಯಾವುದು ಎಂಬ ಮಾಹಿತಿಯನ್ನು ಬ್ರೌಸರ್ ಒಳಗಿನಿಂದಲೇ ಒದಗಿಸುತ್ತದೆ. ಎನ್‌ವಿಡಿಎ ಅಥವಾ ಜಾಸ್‌ನಂಥ ಸ್ಕ್ರೀನ್ ರೀಡರ್ ಅದನ್ನು ಪಡೆದು ನುಡಿಯುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಸ್ವಲ್ಪ ಏರುಪೇರಾದರೂ ನಿನ್ನೆಯವರೆಗೆ ಸಲೀಸಾಗಿ ತುಂಬುತ್ತಿದ್ದ ಅರ್ಜಿ ಇಂದು ಕೈಗೆ ಸಿಗುವುದಿಲ್ಲ. ಸಾಮಾನ್ಯ ಫೈರ್‌ಫಾಕ್ಸ್ ಬ್ರೌಸರ್‌ಗೆ ಸುಮಾರು ನಾಲ್ಕು ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ, ಅಂದರೆ ಈ ಆತಂಕವೂ ಅಷ್ಟೇ ಸಲ ಬರುತ್ತದೆ. ಆದ್ದರಿಂದಲೇ, ಕಚೇರಿಗಳಿಗೆಂದು ಮೊಜಿಲ್ಲಾ ಹೊರತರುವ ಇಎಸ್‌ಆರ್ ಎಂಬ ದೀರ್ಘಾವಧಿಯ ಆವೃತ್ತಿಯು ದೃಷ್ಟಿಹೀನ ಬಳಕೆದಾರರಿಗೆ ಅವರಿಗಾಗಿಯೇ ಮಾಡಿದಷ್ಟು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಇದರಲ್ಲಿ ಭದ್ರತಾ ತಿದ್ದುಪಡಿಗಳು ಸಾಮಾನ್ಯ ಆವೃತ್ತಿಯ ಜೊತೆಜೊತೆಗೇ ಬರುತ್ತವೆ. ರೂಪ ಮತ್ತು ನಡವಳಿಕೆಯ ದೊಡ್ಡ ಬದಲಾವಣೆಗಳು ಮಾತ್ರ ಸುಮಾರು ವರ್ಷಕ್ಕೊಮ್ಮೆ ಬರುತ್ತವೆ. ಹಳೆಯ ಇಎಸ್‌ಆರ್‌ನಿಂದ ಹೊಸದಕ್ಕೆ ಸಾಗಲು ಮೂರು ತಿಂಗಳಷ್ಟು ಕಾಲಾವಕಾಶವೂ ಇರುತ್ತದೆ. ಅಪ್‌ಡೇಟನ್ನೇ ಪೂರ್ತಿ ನಿಲ್ಲಿಸಿ ಕುಳಿತುಕೊಳ್ಳುವ ಅಪಾಯಕಾರಿ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪರ್ಯಾಯ ನನಗೆ ಕಂಡಿಲ್ಲ.

ಇದರ ಬೆಲೆ ನಿಜವಾಗಿ ತಿಳಿದದ್ದು 2017ರ ನವೆಂಬರ್‌ನಲ್ಲಿ. ಕ್ವಾಂಟಮ್ ಎಂದು ಹೆಸರಾದ ಫೈರ್‌ಫಾಕ್ಸ್ 57 ಎಲ್ಲರಿಗೂ ವೇಗ ತಂದಿತಾದರೂ ಸ್ಕ್ರೀನ್ ರೀಡರ್‌ನೊಂದಿಗೆ ನಿಧಾನವಾಯಿತು; ಜಾಸ್ ಬಳಸುವವರು 52ನೆಯ ಇಎಸ್‌ಆರ್‌ನಲ್ಲಿಯೇ ಉಳಿಯುವುದು ಲೇಸೆಂದು ಮೊಜಿಲ್ಲಾವೇ ಸಲಹೆ ನೀಡಿತು. ಆ ಆವೃತ್ತಿಗೆ 2018ರವರೆಗೂ ಭದ್ರತಾ ತಿದ್ದುಪಡಿಗಳು ದೊರೆತವು.

ಆದರೆ ನಿಧಾನಕ್ಕೆ ಒಂದು ದಂಡವೂ ಇದೆ. ಇಎಸ್‌ಆರ್‌ಗೆ ಬರುವುದು ಮುಖ್ಯವಾಗಿ ಭದ್ರತೆ ಮತ್ತು ಸ್ಥಿರತೆಯ ತಿದ್ದುಪಡಿಗಳು, ಆದುದರಿಂದ ಸ್ಕ್ರೀನ್ ರೀಡರ್‌ಗೆ ಅನುಕೂಲವಾದ ಸುಧಾರಣೆಯೂ ಮುಂದಿನ ದೊಡ್ಡ ಆವೃತ್ತಿಯವರೆಗೆ ಕಾಯಬೇಕಾಗುತ್ತದೆ. ಪುಟದ ರಚನೆಯ ಮಾಹಿತಿಯನ್ನು ಬ್ರೌಸರಿನ ಮುಖ್ಯ ಪ್ರಕ್ರಿಯೆಯಲ್ಲಿಯೇ ಸಂಗ್ರಹಿಸಿಟ್ಟುಕೊಂಡು ಸ್ಕ್ರೀನ್ ರೀಡರ್‌ಗೆ ಬೇಗ ಉತ್ತರಿಸುವ ಹೊಸ ವ್ಯವಸ್ಥೆ 2023ರ ಮೇ ತಿಂಗಳಲ್ಲಿ 113ನೆಯ ಆವೃತ್ತಿಯೊಂದಿಗೆ ಎಲ್ಲರಿಗೂ ಬಂದಿತು. ಅದನ್ನು ಒಳಗೊಂಡ 115ನೆಯ ಇಎಸ್‌ಆರ್ ಹೊರಬಂದದ್ದು ಜುಲೈನಲ್ಲಿ. ಆ ಸಲ ಅಂತರ ಚಿಕ್ಕದಿತ್ತು, ಪ್ರತಿ ಸಲವೂ ಹಾಗಿರುವುದಿಲ್ಲ.

ಪಡೆಯುವ ವಿಧಾನ ಇನ್ನಷ್ಟು ಸುಲಭವಾಗಬೇಕು. ಜಾಲತಾಣದ ದೊಡ್ಡ ಡೌನ್‌ಲೋಡ್ ಬಟನ್ ಒತ್ತಿದರೆ ಸಿಗುವುದು ಸಾಮಾನ್ಯ ಆವೃತ್ತಿ, ಇಎಸ್‌ಆರ್ ಅನ್ನು ಬೇರೆಯಾಗಿ ಹುಡುಕಿಕೊಳ್ಳಬೇಕು. ಹೊಸ ಆವೃತ್ತಿಯಿಂದ ಹಳೆಯದಕ್ಕೆ ಇಳಿಯುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು: 67ನೆಯ ಆವೃತ್ತಿಯಿಂದೀಚೆಗೆ, ಹೊಸ ಫೈರ್‌ಫಾಕ್ಸ್ ಬಳಸಿದ ಪ್ರೊಫೈಲನ್ನು (ಬುಕ್‌ಮಾರ್ಕ್, ಪಾಸ್‌ವರ್ಡ್ ಮುಂತಾದವು ಉಳಿಯುವ ಫೋಲ್ಡರನ್ನು) ಹಳೆಯದು ತೆರೆಯಲು ಒಪ್ಪುವುದಿಲ್ಲ, ಹೊಸ ಪ್ರೊಫೈಲ್ ಮಾಡಿಕೊಳ್ಳುವಂತೆ ಹೇಳುತ್ತದೆ. ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳನ್ನು ಮೊದಲೇ ಸಿಂಕ್ ಮಾಡಿಕೊಂಡಿದ್ದರೆ ತೊಂದರೆಯಿಲ್ಲ.

ಬ್ರೌಸರ್ ಮತ್ತು ಸ್ಕ್ರೀನ್ ರೀಡರ್ ಎರಡನ್ನೂ ಒಂದೇ ದಿನ ಬದಲಿಸಬಾರದು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ತೊಡಕು ಬಂದಾಗ ಅದು ಯಾವುದರಿಂದ ಬಂದಿತೆಂದು ಬೇರ್ಪಡಿಸುವುದೇ ಕಷ್ಟವಾಗುತ್ತದೆ. ಈ ವಿಷಯದಲ್ಲಿ ಉಚಿತವಾಗಿ ದೊರೆಯುವ ಎನ್‌ವಿಡಿಎ ಬಹಳ ಸಹಕಾರಿ. ಹೊಸ ಆವೃತ್ತಿಯ ಫೈಲನ್ನು ತೆರೆದಾಗ, ಸ್ಥಾಪಿಸದೆಯೇ ತಾತ್ಕಾಲಿಕವಾಗಿ ಬಳಸಿ ನೋಡುವ ಆಯ್ಕೆ ಅಲ್ಲಿಯೇ ಇರುತ್ತದೆ. ಹಳೆಯ ಆವೃತ್ತಿಯ ಪೋರ್ಟಬಲ್ (ಸ್ಥಾಪಿಸದೆಯೇ ಓಡುವ) ಪ್ರತಿಯೊಂದನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಹಿಂದಿರುಗುವ ದಾರಿಯೂ ತೆರೆದಿರುತ್ತದೆ. 2024.1, 2025.1 ಎಂಬಂತೆ ಎನ್‌ವಿಡಿಎಯ ವರ್ಷದ ಮೊದಲ ಆವೃತ್ತಿ ಬಂದಾಗ, ಅದಕ್ಕೆ ಹೆಚ್ಚಿನ ಸೌಲಭ್ಯ ಸೇರಿಸುವ ಹಳೆಯ ಆಡ್-ಆನ್‌ಗಳು ಹೊಂದದೆ ಹೋಗುವುದುಂಟು. ನಿತ್ಯದ ಕೆಲಸಕ್ಕೆ ಆಡ್-ಆನ್ ನೆಚ್ಚಿಕೊಂಡವರು ಅದು ಹೊಸದಕ್ಕೆ ಸಿದ್ಧವಾಗಿದೆಯೇ ಎಂದು ನೋಡಿಕೊಂಡೇ ಮುಂದುವರಿಯಬೇಕು.

ಜಾಲತಾಣ ಕಟ್ಟುವವರಿಗೆ, ಹೊಸ ಸೌಲಭ್ಯಗಳನ್ನು ಬಂದ ದಿನವೇ ಪರೀಕ್ಷಿಸುವವರಿಗೆ ಇಎಸ್‌ಆರ್ ಸಾಲದು. ಬ್ಯಾಂಕಿನ ವ್ಯವಹಾರ, ಪರೀಕ್ಷೆಯ ಅರ್ಜಿ, ಕಚೇರಿಯ ಮೇಲ್ ಎಂದು ದಿನವೂ ನಡೆಯಲೇಬೇಕಾದ ಕೆಲಸ ಇರುವವರಿಗೆ, ಅದರಲ್ಲೂ ಕಂಪ್ಯೂಟರ್ ಕೈಕೊಟ್ಟರೆ ತಕ್ಷಣ ನೋಡಿಕೊಡುವವರು ಮನೆಯಲ್ಲಿ ಇಲ್ಲದವರಿಗೆ, ನಾನು ಇದನ್ನೇ ಹಾಕಿಕೊಡುತ್ತೇನೆ.