ಕಾರವಾರದ ವಿದ್ಯಾರ್ಥಿಗಳ ಅರ್ಧ ಟನ್ ಕ್ರೇನ್: ಅರ್ಧ ಟನ್ ಸರಿ, ಆದರೆ ಯಾವ ತೂತಿನಲ್ಲಿ?

ಮೂರು ಕಾಲಿನ ಸ್ಟ್ಯಾಂಡಿಗೆ ಚೈನ್ ಬ್ಲಾಕ್ ಕಟ್ಟಿ ಎಂಜಿನ್ ಎತ್ತುವ ಗ್ಯಾರೇಜುಗಳಿಗೆ ಈ ಕ್ರೇನ್ ನಿಜಕ್ಕೂ ಉಪಕಾರಿ. ಸ್ಟ್ಯಾಂಡ್ ಎತ್ತುತ್ತದೆ, ಎತ್ತಿದ್ದನ್ನು ಆಚೆ ಸರಿಸಲಾರದು. ಇದಾದರೆ ಬಾನೆಟ್ ಒಳಗಿಂದ ಎಂಜಿನ್ ತೆಗೆದು ಬೆಂಚಿನವರೆಗೂ ಉರುಳಿಸಿಕೊಂಡು ಹೋಗುತ್ತದೆ. ಮೆಕ್ಯಾನಿಕಲ್ ವಿದ್ಯಾರ್ಥಿಗಳ ತಂಡವೊಂದು ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಕಟ್ಟಿದ್ದು, ಈಗ ಕೇಳಿದವರಿಗೆ ಮಾಡಿಕೊಡುತ್ತಿದೆ. ಕೊಳ್ಳಬಹುದು. ಆದರೆ ಫಲಕದ ಮೇಲಿನ ‘500 ಕೆ.ಜಿ.’ ಎಂಬ ಒಂದೇ ಅಂಕಿಯನ್ನು ನಂಬಿ ಬಳಸಬೇಡಿ.

ಕಂಬ, ಬೂಮು (ಹೊರೆ ತೂಗುವ ಅಡ್ಡ ತೋಳು) ಎರಡೂ 80×80 ಮಿ.ಮೀ. ಚೌಕ ಪೈಪು, 5 ಮಿ.ಮೀ. ದಪ್ಪ. ಕೊಕ್ಕೆ ಸಿಕ್ಕಿಸಲು ಬೂಮಿನಲ್ಲಿ ಮೂರು ತೂತು: ಕಂಬದಿಂದ 0.9, 1.2 ಮತ್ತು 1.5 ಮೀಟರ್ ದೂರಕ್ಕೆ. ಬೂಮನ್ನು ಎತ್ತುವ 3 ಟನ್ ಜಾಕ್ ಕಂಬದಿಂದ 40 ಸೆಂ.ಮೀ. ಆಚೆ ಬೂಮಿಗೆ ಕೂತಿದೆ. ಅತಿ ದೂರದ ತೂತಿನಲ್ಲಿ 500 ಕೆ.ಜಿ. ತೂಗಿದರೆ ಜಾಕ್ ಹೊರಬೇಕಾದ್ದು 1,875 ಕೆ.ಜಿ.; ಓರೆಯಾಗಿ ನಿಂತಿರುವುದರಿಂದ ಇನ್ನೂ ಸ್ವಲ್ಪ ಹೆಚ್ಚು. ಜಾಕಿಗೆ ಇದೇನೂ ಭಾರವಲ್ಲ, ಸಲೀಸಾಗಿ ಎತ್ತಿಬಿಡುತ್ತದೆ. ಅಪಾಯ ಇರುವುದು ಅಲ್ಲೇ. ಸೋಲುವುದು ಜಾಕ್ ಅಲ್ಲ, ಕಂಬದ ಬುಡ.

ಯಾಕೆಂದರೆ ಬೂಮು ಬಾಗುವುದು ಜಾಕಿನಿಂದ ಆಚೆಗಿನ ಉದ್ದಕ್ಕೆ ಮಾತ್ರ. ಜಾಕಿನ ಪಾದದಿಂದ ಕೆಳಗಿನ ಕಂಬಕ್ಕೆ ಕೊಕ್ಕೆಯವರೆಗಿನ ಪೂರ್ತಿ ದೂರದ ಬಾಗು ಬೀಳುತ್ತದೆ. 0.9 ಮೀಟರಿನಲ್ಲಿ 500 ಕೆ.ಜಿ.ಗೆ ಬುಡದಲ್ಲಿ ಚದರ ಮಿ.ಮೀ.ಗೆ ಸುಮಾರು 134 ನ್ಯೂಟನ್ ಒತ್ತಡ, 1.5 ಮೀಟರಿನಲ್ಲಿ ಸುಮಾರು 223. ಇಂಥ ಪೈಪುಗಳ ಭಾರತೀಯ ಮಾನಕವಾದ ಐಎಸ್ 4923ರಲ್ಲಿ ಕೆಳಗಿನ ದರ್ಜೆ ವೈಎಸ್‌ಟಿ 210, ಅಂದರೆ 210ಕ್ಕೇ ಕಬ್ಬಿಣ ಶಾಶ್ವತವಾಗಿ ಬಾಗಲು ಶುರು. ವೈಎಸ್‌ಟಿ 310 ಪೈಪು ಹಾಕಿದ್ದರೆ ಮಾತು ಬೇರೆ. ಪೈಪು ಕೊಂಡ ಬಿಲ್ಲನ್ನು ಕೇಳಿ ನೋಡಿ. ಕಣ್ಣಳತೆಯಲ್ಲಿ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಫಲಕದಲ್ಲಿ ಇರಬೇಕಾದ್ದು ಮೂರು ಅಂಕಿ: 0.9ಕ್ಕೆ 500, 1.2ಕ್ಕೆ 375, 1.5ಕ್ಕೆ 300. ಪ್ರತಿ ತೂತಿನ ಪಕ್ಕದಲ್ಲೇ ಪಂಚ್ ಹೊಡೆಸಿ. ಗ್ರೀಸು ಮೆತ್ತಿದ ಕೈ ನಾಲ್ಕು ಸಲ ಒರೆಸಿದರೆ ಬಣ್ಣದಲ್ಲಿ ಬರೆದದ್ದು ಹೋಗುತ್ತದೆ. ಜೊತೆಗೆ ಕಂಬದ ಮೇಲ್ಭಾಗದಿಂದ ತಳದ ಹಿಂತುದಿಗೆ ಎರಡು ಓರೆ ಪಟ್ಟಿ ಕೊಡಿಸಿ, 50×10 ಮಿ.ಮೀ. ಪಟ್ಟಿ ಸಾಕು. ಕಂಬ ಮುಂದಕ್ಕೆ ಬಾಗುವಾಗ ಹಿಂದಿನಿಂದ ಅವು ಎಳೆದು ಹಿಡಿಯುತ್ತವೆ, ಬುಡದ ಬೆಸುಗೆಯ ಮೇಲಿನ ಹೊರೆ ಇಳಿಯುತ್ತದೆ. ಈ ಮಾದರಿಯಲ್ಲಿ ಅವನ್ನು ಬಿಟ್ಟಿದ್ದು ದೊಡ್ಡ ತಪ್ಪೇ.

ಇನ್ನೊಂದು ಅಳತೆ: ಮುಂಗಾಲಿನ ಚಕ್ರ ಕಂಬದಿಂದ 1.4 ಮೀಟರಿಗೆ ಮುಗಿಯುತ್ತದೆ. 1.5ರ ತೂತು ಚಕ್ರಕ್ಕಿಂತ 10 ಸೆಂ.ಮೀ. ಹೊರಗೆ. ಅಲ್ಲಿ ಕ್ರೇನನ್ನು ಹಿಡಿದಿಡುವುದು ಅದರ ಸ್ವಂತ ಭಾರವೊಂದೇ. ಎಂಜಿನ್ ತೂಗಾಡಿದರೆ ಹಿಂದಿನ ಚಕ್ರ ಏಳುತ್ತದೆ. ಕಾಲನ್ನು 1.6 ಮೀಟರಿಗೆ ಉದ್ದ ಮಾಡಲಿ, ಇಲ್ಲವೇ ಆ ತೂತು ಮುಚ್ಚಲಿ.

ಮಡಚುವ ಕೆಲಸ ಮಾತ್ರ ತುಂಬ ಚೆನ್ನಾಗಿದೆ. ನಾಲ್ಕು ಪಿನ್ ಕಿತ್ತರೆ ಕಾಲು, ಬೂಮು, ಕಂಬ ಬೇರೆ ಬೇರೆ. ಒಟ್ಟು ಸುಮಾರು 100 ಕೆ.ಜಿ. ಇದ್ದರೂ ಇಬ್ಬರು ಸೇರಿ ಗೂಡ್ಸ್ ಆಟೋಗೆ ಹೇರಬಹುದು. ಪಿನ್ನಿನ ತೂತುಗಳನ್ನು ಗ್ಯಾಸಿನಲ್ಲಿ ಸುಡದೆ ಡ್ರಿಲ್ ಮಾಡಿದ್ದಾರೆ. ಅದಕ್ಕೇ 20 ಮಿ.ಮೀ. ಪಿನ್ ಆಟವಿಲ್ಲದೆ ಕೂರುತ್ತದೆ. ಸುಟ್ಟ ತೂತಾದರೆ ದಿನ ಕಳೆದಂತೆ ಮೊಟ್ಟೆಯಾಕಾರ ತಾಳಿ ಬೂಮು ಅಲ್ಲಾಡುತ್ತದೆ. ಕೊಕ್ಕೆಗೆ ಬಾಯಿ ಮುಚ್ಚುವ ನಾಲಿಗೆ ಇದೆ, 8 ಮಿ.ಮೀ. ಚೈನಿನ ಕೊಂಡಿಯಲ್ಲಿ ಭಾರ ಎತ್ತಲು ತಕ್ಕ ಗ್ರೇಡ್ 80ರ ಮುದ್ರೆಯೂ ಇದೆ. ಈ ವಿಷಯದಲ್ಲಿ ಹುಡುಗರು ಕಾಸಿಗೆ ಜೋತುಬಿದ್ದಿಲ್ಲ.

ಚಕ್ರ ನೆಲ ನೋಡಿ ಆರಿಸಬೇಕು. 500 ಕೆ.ಜಿ. ಹತ್ತಿರದ ತೂತಿನಲ್ಲಿದ್ದಾಗಲೂ ಸುಮಾರು 360 ಕೆ.ಜಿ. ಮುಂದಿನ ಎರಡು ಚಕ್ರಗಳ ಮೇಲೇ ಕೂರುತ್ತದೆ. ನಯವಾದ ಕಾಂಕ್ರೀಟಿಗೆ 4 ಇಂಚಿನ ನೈಲಾನ್ ಚಕ್ರ ಸರಿ. ಚಿರೆಕಲ್ಲು ಹಾಸಿದ ಅಂಗಳದಲ್ಲಿ ಅವು ಸಂದಿಗೆ ಸಿಕ್ಕಿ ನಿಲ್ಲುತ್ತವೆ, ಗಕ್ಕನೆ ನಿಂತ ಕ್ರೇನಿನ ಮೇಲೆ ಎಂಜಿನ್ ಮುಂದಕ್ಕೆ ತೂಗುತ್ತದೆ. 6 ಇಂಚಿನದ್ದು ಹಾಕಿಸಿಕೊಳ್ಳಿ. ಶಿರಸಿ ಕಡೆಯ ಇಳಿಜಾರು ಅಂಗಳಕ್ಕಂತೂ ಇದನ್ನು ಒಯ್ಯಲೇಬೇಡಿ. ಕಾರವಾರದ ಬೈತಖೋಲ್ ಜೆಟ್ಟಿಯಲ್ಲಿ ನಿಂತು ದೋಣಿಯ ಎಂಜಿನ್ ಎತ್ತಲೂ ಇದು ಆಗದು: ಕಾಲುಗಳು ಹೊರೆಯ ಅಡಿಗೆ ಹೋಗಬೇಕು, ಅಲ್ಲಿ ಇರುವುದು ನೀರು.

ಕಡಲ ಗಾಳಿಗೆ ರೆಡ್ ಆಕ್ಸೈಡ್ ಸಾಲದು, ಸತುವಿನ ಪ್ರೈಮರ್ ಬೇಕು. ಪೈಪಿನ ತುದಿಗಳನ್ನು ಮುಚ್ಚಿಸಿ, ತಳದಲ್ಲಿ ನೀರಿಳಿಯಲು ಸಣ್ಣ ತೂತು ಬಿಡಿಸಿ. ಇಲ್ಲದಿದ್ದರೆ ಮಳೆಗಾಲದಲ್ಲಿ ತುಕ್ಕು ಒಳಗಿನಿಂದಲೇ ಕೊರೆಯುತ್ತದೆ. ಜಾಕಿನ ದಂಡವನ್ನು ಕೆಲಸ ಮುಗಿದ ಮೇಲೆ ಪೂರ್ತಿ ಇಳಿಸಿಡಿ. ತೆರೆದಿಟ್ಟ ದಂಡದ ಮೇಲೆ ಉಪ್ಪು ಗುಳಿ ತೋಡುತ್ತದೆ, ಆ ಗುಳಿ ಸೀಲನ್ನು ಹರಿದುಹಾಕುತ್ತದೆ. ಆಯಿಲ್ ಕಡಿಮೆಯಾದರೆ ಹೈಡ್ರಾಲಿಕ್ ಆಯಿಲನ್ನೇ ಹಾಕಿ. ಬ್ರೇಕ್ ಆಯಿಲಿಗೆ ರಬ್ಬರ್ ಸೀಲ್ ಊದಿಕೊಳ್ಳುತ್ತದೆ.

ಕ್ರೇನ್ ಕೈಗೆ ಪಡೆಯುವ ಮೊದಲು ಕಾಲು ಭಾಗ ಹೆಚ್ಚಿನ ತೂಕದಲ್ಲಿ ಪರೀಕ್ಷೆ ಕೇಳಿ. 0.9ರ ತೂತಿಗೆ 50 ಕೆ.ಜಿ.ಯ 12 ಸಿಮೆಂಟ್ ಮೂಟೆ. ಹಲಗೆ, ಬೆಲ್ಟು ಸೇರಿ 625 ಕೆ.ಜಿ. ಆಗುವಂತೆ. ನೆಲದಿಂದ ನಾಲ್ಕು ಬೆರಳು ಎತ್ತಿ ಹತ್ತು ನಿಮಿಷ ನಿಲ್ಲಿಸಿ. ಇಳಿಸಿದ ಮೇಲೆ ಕಂಬದುದ್ದಕ್ಕೂ ದಾರ ಹಿಡಿದು ನೋಡಿ. ಬಾಗು ಉಳಿದಿದ್ದರೆ ವಾಪಸ್ ಕಳಿಸಿ. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮು ಕಾರ್ಖಾನೆಗಳ ಎತ್ತುವ ಯಂತ್ರಗಳಿಗೆ 12 ತಿಂಗಳಿಗೊಮ್ಮೆ ತಜ್ಞರ ತಪಾಸಣೆ ಆಗಲೇಬೇಕು ಎನ್ನುತ್ತಿತ್ತು. ಸಣ್ಣ ಗ್ಯಾರೇಜಿಗೂ ಅದೇ ಲೆಕ್ಕ ಒಳ್ಳೆಯದು.

ಎರಡು ತಪಾಸಣೆಗಳ ನಡುವೆ ನೀವೇ ನೋಡಬೇಕಾದ ಜಾಗ ಒಂದೇ, ಕಂಬದ ಬುಡದ ಹಿಂಬದಿಯ ಬೆಸುಗೆ. ಬಣ್ಣದ ಮೇಲೆ ಕೂದಲೆಳೆಯಂಥ ಕೆಂಪು ಗೆರೆ ಕಂಡರೆ ಅದು ಬರೀ ತುಕ್ಕಲ್ಲ. ಬೆಸುಗೆ ಬಿರಿದು ಒಳಗಿನ ತುಕ್ಕು ಹೊರಗೆ ಸೋರುತ್ತಿದೆ. ಮೇಲೆ ಬಣ್ಣ ಬಳಿಯದೆ ಕ್ರೇನನ್ನು ನಿಲ್ಲಿಸಿ, ಅಲ್ಲಿ ಉಜ್ಜಿ ಡೈ ಪೆನೆಟ್ರೆಂಟ್ (ಬಿರುಕಿಗಿಳಿದು ಅದನ್ನು ಎತ್ತಿ ತೋರಿಸುವ ಬಣ್ಣದ ದ್ರವ) ಹಾಕಿಸಿ. ಮತ್ತೆ ಬೆಸೆಯುವುದಿದ್ದರೆ 7018 ಎಂಬ ಬೆಸುಗೆ ರಾಡನ್ನು ಓವನ್ನಿನಲ್ಲಿ ಒಣಗಿಸಿಯೇ ಬಳಸಲಿ. ಇಲ್ಲಿನ ಜುಲೈ ತಿಂಗಳ ಗಾಳಿಗೆ ತೆರೆದಿಟ್ಟ ರಾಡು ತೇವ ಹೀರಿರುತ್ತದೆ, ಅದರಲ್ಲಿ ಹಾಕಿದ ಬೆಸುಗೆ ಅದೇ ಜಾಗದಲ್ಲಿ ಮತ್ತೆ ಬಿರಿಯುತ್ತದೆ.